ಹಿತ್ತಲಿನ ಅಡುಗೆ ಕಟ್ಟೆ ಮತ್ತು ಬೆಂಕಿಗೆ ಬಿಟ್ಟ ಅರ್ಧ ಇಂಚು

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ನಾನೇ ಕಟ್ಟಿದ ಅಡುಗೆ ಕಟ್ಟೆಗೆ ಈಗ ಒಂದು ವರ್ಷ ತುಂಬಿದೆ. ಯಾವ ಗೋಡೆಗೂ ತಾಗದೆ, ನಾಲ್ಕೂ ಕಡೆಯಿಂದ ನಿಂತು ಕೆಲಸ ಮಾಡಲು ಬರುವಂತೆ ಕಟ್ಟಿದ ಇಂಥ ಕಟ್ಟೆಯನ್ನು ಈಗ ಎಲ್ಲರೂ ಕಿಚನ್ ಐಲ್ಯಾಂಡ್ ಎನ್ನುತ್ತಾರೆ. ನಮ್ಮದು 7 ಅಡಿ ಉದ್ದ, ಎರಡೂವರೆ ಅಡಿ ಅಗಲ, 34 ಇಂಚು ಎತ್ತರವಿದೆ. ನಡುವೆ ಇದ್ದಿಲಿನ ಗ್ರಿಲ್ ಕೂತಿದೆ. ಎಡಕ್ಕೆ ಕಾಯಿಪಲ್ಯ ಹೆಚ್ಚಿಕೊಳ್ಳುವ ಜಾಗ, ಬಲಕ್ಕೆ ಅವ್ವನ ರೊಟ್ಟಿ ಹಂಚಿಗೆಂದೇ ಇಟ್ಟ ಗ್ಯಾಸ್ ಒಲೆ ಇವೆ.

ಇದು ನಾನು ಕಟ್ಟಿದ ಎರಡನೆಯ ಕಟ್ಟೆ. ಮೊದಲನೆಯದರಲ್ಲಿ ಮೂರನೆಯ ಸಲ ಬೆಂಕಿ ಹಾಕಿದ ಸಂಜೆಯೇ ಗ್ರಿಲ್ಲಿನ ಮೂಲೆಯಿಂದ ಗ್ರಾನೈಟ್ ಕಲ್ಲು ಸೀಳಿ, ಮುಂಭಾಗದ ಗಿಲಾವು ಅಂಗೈಯಗಲದ ಚಕ್ಕೆಗಳಾಗಿ ಉದುರಿತು. ಇದ್ದಿಲು ಉರಿಯುವ ಸ್ಟೀಲ್ ಪೆಟ್ಟಿಗೆಯನ್ನು ಇಟ್ಟಿಗೆಯ ನಡುವೆ ಬಿಗಿಯಾಗಿ ಕೂರಿಸಿ, ಸುತ್ತ ಸಿಮೆಂಟ್ ತುಂಬಿ, ಕಲ್ಲಿನ ಅಂಚನ್ನು ಅದಕ್ಕೆ ತಾಗಿಸಿ ಜೋಡಿಸಿದರೆ ಕೆಲಸ ಅಚ್ಚುಕಟ್ಟಾಗುತ್ತದೆ ಎಂದು ನಾನು ನಂಬಿದ್ದೆ. ನಮ್ಮ ಓಣಿಯ ಹಿರಿಯ ಗೌಂಡಿಯೊಬ್ಬರು ಬಂದು ಬಿರುಕಿನ ಮೇಲೆ ಬೆರಳಾಡಿಸಿ, "ಸರ, ಬಿಸಿ ಆದ್ರ ಕಬ್ಬಿಣ ಹಿಗ್ಗತೈತ್ರಿ. ಅದಕ್ಕ ಜಾಗಾನ ಬಿಟ್ಟಿಲ್ಲ ನೀವು" ಎಂದರು. ಈ ಬರಹದ ಮುಖ್ಯ ವಿಷಯ ಅವರ ಆ ಮಾತೇ ಆಗಿದೆ.

ಆ ರಾತ್ರಿ ಲೆಕ್ಕ ಹಾಕಿ ನೋಡಿದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಬಿಸಿ ಏರಿದಾಗ, ಒಂದು ಮೀಟರಿನ ಹತ್ತು ಲಕ್ಷದಲ್ಲಿ ಸುಮಾರು 17 ಭಾಗದಷ್ಟು ಹಿಗ್ಗುತ್ತದೆ. ಹಾಗಾದರೆ 2 ಅಡಿ, ಅಂದರೆ ಸುಮಾರು 600 ಮಿಲಿಮೀಟರ್ ಅಗಲದ ಪೆಟ್ಟಿಗೆಯ ಬಿಸಿ 300 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 3 ಮಿಲಿಮೀಟರ್ ಅಗಲವಾಗುತ್ತದೆ. ಸುಟ್ಟ ಇಟ್ಟಿಗೆ ಹಿಗ್ಗುವುದು ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಅಲ್ಲದೆ ಇಟ್ಟಿಗೆ ಅಷ್ಟು ಬಿಸಿಯೂ ಆಗುವುದಿಲ್ಲ. 3 ಮಿಲಿಮೀಟರ್ ಕಣ್ಣಿಗೆ ಏನೂ ಅಲ್ಲವೆನಿಸಬಹುದು, ಆದರೆ ಹೋಗಲು ಎಡೆಯಿಲ್ಲದ ಲೋಹವು ಅಷ್ಟನ್ನೇ ದೂಡಿದರೂ ಕಲ್ಲು ಸೀಳುತ್ತದೆ. ಗ್ರಾನೈಟ್‌ಗೆ ತನ್ನದೇ ಇನ್ನೊಂದು ಕಷ್ಟವಿದೆ. ಅದರೊಳಗಿನ ಬೆಣಚುಕಲ್ಲಿನ (ಕ್ವಾರ್ಟ್ಜ್) ಹರಳು ಮತ್ತು ಉಳಿದ ಖನಿಜಗಳು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಮತ್ತು 573 ಡಿಗ್ರಿಯಲ್ಲಿ ಆ ಹರಳಿನ ರಚನೆಯೇ ಬದಲಾಗಿ ಅದು ಥಟ್ಟನೆ ಉಬ್ಬುತ್ತದೆ. ಕೆಂಪಗೆ ನಿಗಿನಿಗಿ ಎನ್ನುವ ಕೆಂಡದ ಬಿಸಿ ಇದನ್ನು ಸುಲಭವಾಗಿ ದಾಟುತ್ತದೆ. ಸಿಮೆಂಟ್ ಗಾರೆಯೂ 400 ಡಿಗ್ರಿಯ ಆಚೆಗೆ ತನ್ನೊಳಗೆ ಹಿಡಿದಿಟ್ಟುಕೊಂಡ ನೀರನ್ನು ಕಳೆದುಕೊಂಡು ಪುಡಿಯಾಗತೊಡಗುತ್ತದೆ. ಹೀಗಿರುವಾಗ ಬಿಗಿಯಾಗಿ ಕೂರಿಸಿದ ಸ್ಟೀಲ್, ಗ್ರಾನೈಟ್, ಸಿಮೆಂಟ್ ಗಾರೆ ಈ ಮೂರನ್ನೂ ನಾನು ಬೆಂಕಿಯ ಪಕ್ಕದಲ್ಲಿಯೇ ಇಟ್ಟಿದ್ದೆ.

ಎರಡನೆಯ ಸಲ ಪಾಯದಿಂದಲೇ ಹೊಸದಾಗಿ ಆರಂಭಿಸಿದೆ, ಏಕೆಂದರೆ ನಮ್ಮ ಹಿತ್ತಲಿನದು ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿಬಿಡುವ ಈ ಮಣ್ಣಿನ ಮೇಲೆ ನೇರವಾಗಿ ಇಟ್ಟಿಗೆ ಇಟ್ಟರೆ ಬೆಂಕಿಯೇ ಇಲ್ಲದೆಯೂ ಕಟ್ಟೆ ಬಿರಿಯುತ್ತದೆ. 2 ಅಡಿ ಆಳಕ್ಕೆ ಎರೆಯನ್ನು ತೆಗೆದು, 6 ಇಂಚಿನ ಪದರಗಳಲ್ಲಿ ಗರಸು ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು ಧಮ್ಮಸ ಮಾಡಿದೆ. ಅದರ ಮೇಲೆ 8 ಮಿಲಿಮೀಟರ್ ಸಲಾಕೆಗಳನ್ನು 6 ಇಂಚಿಗೊಂದರಂತೆ ಕಟ್ಟಿ 4 ಇಂಚಿನ ಕಾಂಕ್ರೀಟ್ ಹಾಸಿದೆ. ಸಿಮೆಂಟ್, ಉಸುಕು, ಖಡಿ ಒಂದಕ್ಕೆ ಒಂದೂವರೆಗೆ ಮೂರರ ಪ್ರಮಾಣದಲ್ಲಿದ್ದವು. ಈ ಹಾಸನ್ನು ಕಾಂಪೌಂಡಿಗಾಗಲಿ ಮನೆಯ ಪಾಯಕ್ಕಾಗಲಿ ಜೋಡಿಸಲಿಲ್ಲ. ನೆಲ ಏರಿದರೂ ಇಳಿದರೂ ಕಟ್ಟೆ ಇಡಿಯಾಗಿ ಏರಿಳಿಯಬೇಕು ಎಂಬುದು ನನ್ನ ಉದ್ದೇಶವಾಗಿತ್ತು.

ಹೊರಗೋಡೆಗಳು ನಮ್ಮಲ್ಲಿ ಸಿಗುವ ಸಾಮಾನ್ಯ ಕೆಂಪು ಇಟ್ಟಿಗೆಯವು. ಗಾರೆ ಸಿಮೆಂಟ್ ಒಂದಕ್ಕೆ ಉಸುಕು ಆರು. ರಸಮಟ್ಟ ಮತ್ತು ತೂಗುಗುಂಡು ಇದ್ದರೆ ಈ ಕೆಲಸವನ್ನು ತಾಳ್ಮೆಯುಳ್ಳ ಯಾರಾದರೂ ಮಾಡಬಹುದು, ಆದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಂಕಿಯ ಸುತ್ತ ಮಾತ್ರ 230×115×75 ಮಿಲಿಮೀಟರ್ ಅಳತೆಯ ಫೈರ್ ಬ್ರಿಕ್, ಅಂದರೆ ಹೆಚ್ಚು ಬಿಸಿ ತಾಳುವ ಇಟ್ಟಿಗೆ ಬಳಸಿದೆ. ಇದಕ್ಕೆ ಸಿಮೆಂಟ್ ಗಾರೆ ಸಲ್ಲದು. ಫೈರ್ ಕ್ಲೇ ಎಂಬ ಬಿಸಿ ತಾಳುವ ಜೇಡಿಮಣ್ಣಿನ ಪುಡಿಯನ್ನು ಗಟ್ಟಿ ಮಜ್ಜಿಗೆಯ ಹದಕ್ಕೆ ಕಲಸಿ, ಇಟ್ಟಿಗೆಯನ್ನು ಅದರಲ್ಲಿ ಅದ್ದಿ ಒತ್ತಿದರೆ 2-3 ಮಿಲಿಮೀಟರಿನ ತೆಳುವಾದ ಸಂದು ಉಳಿಯುತ್ತದೆ, ಮತ್ತು ಸಂದು ತೆಳುವಾದಷ್ಟೂ ಒಳ್ಳೆಯದು.

ಪೆಟ್ಟಿಗೆಯ ಅಗಲ 24 ಇಂಚು, ಅದು ಇಳಿಯುವ ಗೂಡಿನ ಅಗಲ 25 ಇಂಚು. ಎರಡೂ ಬದಿಗೆ ಅರ್ಧರ್ಧ ಇಂಚು ಬರಿಯ ಗಾಳಿಯಿದೆ. ಹಿಂದೆ ಮುಂದೆಯೂ ಹಾಗೆಯೇ. ಪೆಟ್ಟಿಗೆಯ ಮೇಲಂಚನ್ನು ಹೊರಕ್ಕೆ 2 ಇಂಚು ಮಡಿಸಿ, ಆ ಮಡಿಕೆಯನ್ನು ಫೈರ್ ಬ್ರಿಕ್‌ನ ತಲೆಯ ಮೇಲೆ ಗಾರೆಯಿಲ್ಲದೆ ಸುಮ್ಮನೆ ಕೂರಿಸಿದ್ದೇನೆ. ಸಂದನ್ನು ಆ ಮಡಿಕೆಯೇ ಮುಚ್ಚುತ್ತದೆ. ಪೆಟ್ಟಿಗೆ ತನ್ನಿಷ್ಟಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಬೇಕೆಂದಾಗ ಇಬ್ಬರು ಹಿಡಿದು ಎತ್ತಿ ತೊಳೆಯಲೂ ಬರುತ್ತದೆ. ಗ್ರಾನೈಟ್ ಕಲ್ಲಿನ ಅಂಚು ಪೆಟ್ಟಿಗೆಯ ಗೋಡೆಯಿಂದ ಒಂದು ಫೈರ್ ಬ್ರಿಕ್‌ನ ದಪ್ಪಕ್ಕಿಂತ ಹೆಚ್ಚು ದೂರದಲ್ಲಿದೆ. ಮೊದಲ ಸಲ ಒಂದೇ ದೊಡ್ಡ ಕಲ್ಲಿನ ನಡುವೆ ಚೌಕ ಕೊರೆಸಿದ್ದೆ, ಮತ್ತು ಬಿರುಕು ಹುಟ್ಟಿದ್ದೇ ಆ ಚೌಕದ ಒಳಮೂಲೆಯಲ್ಲಿ. ಈ ಸಲ ನಾಲ್ಕು ನೇರ ತುಂಡುಗಳನ್ನು ಜೋಡಿಸಿದೆ, ಆದ್ದರಿಂದ ಒಳಮೂಲೆಯೇ ಇಲ್ಲ. ಇಳಕಲ್ಲಿನ ಕಲ್ಲಿನ ಬಣ್ಣವನ್ನು ಕಣ್ಣಾರೆ ಕಂಡವರು ಅದನ್ನು ಕೈಬಿಡಲಾರರು; ನಾನೂ ಬಿಡಲಿಲ್ಲ, ಬೆಂಕಿಯಿಂದ ದೂರ ಇಟ್ಟೆನಷ್ಟೆ. ಕಟ್ಟೆಯ ಸುತ್ತಲಿನ ನೆಲಕ್ಕೆ ಶಹಾಬಾದ್ ಪರಸಿ ಹಾಸಿದ್ದೇನೆ. ಪದರು ಪದರಾದ ಆ ಸುಣ್ಣಗಲ್ಲು ಕೆಂಡ ಬಿದ್ದರೆ ಚಕ್ಕೆಯೇಳುವುದರಿಂದ, ಬೂದಿಯ ತಟ್ಟೆಯನ್ನು ಅದರ ಮೇಲೆ ಎಂದೂ ಇಡುವುದಿಲ್ಲ.

ಪೆಟ್ಟಿಗೆ ಮಾಡಿಸುವಾಗ ದರ್ಜೆಯ ವಿಷಯದಲ್ಲಿ ಎಚ್ಚರ ಬೇಕು. 304ರಲ್ಲಿ ಸುಮಾರು 18 ಪ್ರತಿಶತ ಕ್ರೋಮಿಯಂ ಮತ್ತು 8 ಪ್ರತಿಶತ ನಿಕ್ಕಲ್ ಇರುತ್ತದೆ. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಮತ್ತು ಬಯಲಿನಲ್ಲಿ ಅದಕ್ಕೆ ಬೇಗ ತುಕ್ಕು ಬರುತ್ತದೆ. ಅಯಸ್ಕಾಂತ ಹಿಡಿದು ನೋಡುವುದು ಸಾಲದು, ಏಕೆಂದರೆ ಎರಡೂ ಅದಕ್ಕೆ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳಬೇಕು. ಜಾಲರಿಗೆ ಸತುವಿನ ಲೇಪವಿರುವ ಬೇಲಿಯ ಜಾಳಿಗೆಯನ್ನು ದಯವಿಟ್ಟು ಯಾರೂ ಬಳಸಬಾರದು. ಸತು 420 ಡಿಗ್ರಿಯ ಹತ್ತಿರವೇ ಕರಗುತ್ತದೆ, ಅದರ ಹೊಗೆ ಮೈಗೆ ಕೆಟ್ಟದ್ದು. ನಮ್ಮ ಜಾಲರಿಯೂ 304ರದೇ, 8 ಮಿಲಿಮೀಟರ್ ಸಲಾಕೆಗಳದು. ಕೆಂಡದಿಂದ 4 ಇಂಚು ಮತ್ತು 6 ಇಂಚು ಎತ್ತರದಲ್ಲಿ ಅದನ್ನು ಕೂರಿಸಲು ಎರಡು ಮೆಟ್ಟಿಲುಗಳಿವೆ.

ಗ್ಯಾಸ್ ಒಲೆಯ 14.2 ಕೆಜಿ ಸಿಲಿಂಡರನ್ನು ಕಟ್ಟೆಯ ಹೊಟ್ಟೆಯಲ್ಲಿಡಲು ಜಾಗವಿದ್ದರೂ ಹೊರಗೆ, ನೆರಳಿನಲ್ಲಿ ಇಟ್ಟಿದ್ದೇನೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೆಂದೇ ಕಟ್ಟೆಯ ಬುಡದಲ್ಲಿ, ನೆಲಕ್ಕೆ ಸಮನಾಗಿ, ಎದುರುಬದುರು ಗೋಡೆಗಳಲ್ಲಿ ಒಂದೊಂದು ಕಿಂಡಿ ಬಿಟ್ಟಿದ್ದೇನೆ.

ಇನ್ನು ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಮಳೆಗಿಂತ ಪಡುವಣ ಗಾಳಿಯದೇ ಅಬ್ಬರ. ಕಟ್ಟೆಯ ಪಶ್ಚಿಮದ ಅಂಚಿನಲ್ಲಿ ಒಂದೂವರೆ ಅಡಿಯ ಮೋಟುಗೋಡೆ ಏರಿಸಿದ ಮೇಲೆ ಬೂದಿ ಹಾರುವುದು ನಿಂತಿತು, ಇದ್ದಿಲೂ ಕಡಿಮೆ ಸಾಕಾಗುತ್ತಿದೆ. ಹಿತ್ತಲಿಗೆ ಪೂರ್ತಿ ಶೆಡ್ಡು ಹಾಕಿಸು ಎಂದು ಹೇಳಿದವರಿದ್ದಾರೆ, ಆದರೆ ಇದ್ದಿಲು ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ಬಯಲೇ ಸುರಕ್ಷಿತ.

ಎರಡು ವಾರ ನೀರು ಹೊಡೆದು, ಮತ್ತೆರಡು ವಾರ ಒಣಗಲು ಬಿಟ್ಟು, ಆಮೇಲೆ ಬೆಂಕಿ ಹಾಕಿದೆ. ಮೊದಲ ದಿನ ಒಂದು ಹಿಡಿ ಕಟ್ಟಿಗೆಯ ಚೂರು, ಮರುದಿನ ಎರಡು ಹಿಡಿ, ಹೀಗೆ ಐದು ದಿನ. ಇಟ್ಟಿಗೆಯೊಳಗೆ ಉಳಿದ ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಅದು ನಿಧಾನವಾಗಿ ಹೊರಬೀಳದಿದ್ದರೆ ಇಟ್ಟಿಗೆಯನ್ನು ಒಡೆದುಕೊಂಡೇ ಹೊರಬೀಳುತ್ತದೆ.

ನಿಜವಾದ ಅಡುಗೆ ಆರಂಭವಾದದ್ದು ಡಿಸೆಂಬರಿನಲ್ಲಿ, ಸೀತನಿಯ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಹೊತ್ತಿಗೆ. ಹೊಲದಲ್ಲಿ ಕುಳ್ಳಿನ ಕೆಂಡದ ಕುಣಿಯಲ್ಲಿ ಸುಟ್ಟ ಎಳೆ ಜೋಳದ ತೆನೆಯ ರುಚಿ ಗ್ರಿಲ್ಲಿಗೆ ಬರಲಾರದು ಎಂದು ಅವ್ವ ಮೊದಲೇ ಹೇಳಿದ್ದಳು, ಮತ್ತು ಆ ಮಾತು ನಿಜ. ಆದರೂ ಮೇಲಿನ ಮೆಟ್ಟಿಲಲ್ಲಿ ತೆನೆಗಳನ್ನು ಹೊರಳಿಸುತ್ತ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಗುರೆಳ್ಳು ಚಟ್ನಿ ಮತ್ತು ಬೆಲ್ಲದೊಂದಿಗೆ ತಿಂದಾಗ ಮನೆಯಲ್ಲಿ ಯಾರೂ ಏಳಲೊಲ್ಲರು. ಬದನೆಕಾಯಿಗೆ ಮಾತ್ರ ಕೆಳಗಿನ ಮೆಟ್ಟಿಲೇ ಸರಿ. ಸಿಪ್ಪೆ ಕರಿಯಾಗಿ ಒಡೆದು ಒಳಗಿನ ತಿರುಳು ಬೆಣ್ಣೆಯಂತಾಗಲು ಒಳ್ಳೆಯ ಕೆಂಡದಲ್ಲಿ ಕಾಲು ಗಂಟೆ ಬೇಕು. ಆ ಹೊತ್ತಿಗೆ ಅವ್ವ ಪಕ್ಕದ ಒಲೆಯ ಮೇಲೆ ನಾಲ್ಕು ರೊಟ್ಟಿ ಬೇಯಿಸಿ ಮುಗಿಸಿರುತ್ತಾಳೆ.

ಕಳೆದ ವಾರ ಪೆಟ್ಟಿಗೆಯನ್ನು ಎತ್ತಿ, ಸುತ್ತಲಿನ ಸಂದನ್ನು ಅಳೆದು ನೋಡಿದೆ. ನಾಲ್ಕೂ ಕಡೆ ಅರ್ಧ ಇಂಚು ಹಾಗೆಯೇ ಇದೆ, ಕಲ್ಲಿನಲ್ಲಿ ಕೂದಲೆಳೆಯ ಬಿರುಕೂ ಇಲ್ಲ. ಫೈರ್ ಬ್ರಿಕ್‌ನ ಎರಡು ಸಂದುಗಳಲ್ಲಿ ಮಾತ್ರ ಕ್ಲೇ ಉದುರಿದೆ. ಮಳೆಗೆ ಮುಂಚೆ ಅವನ್ನು ಮತ್ತೆ ತುಂಬಬೇಕು.