ಮೂರು ರಾತ್ರಿಗಳ ಬಳಿಕ ಕರೆಂಟು

ಮೂರು ರಾತ್ರಿಗಳ ಬಳಿಕ ನಿನ್ನೆ ಸಂಜೆ ಮಡಿಕೇರಿ ಸಮೀಪದ ನಮ್ಮ ಮನೆಗೆ ಕರೆಂಟು ಬಂತು. ತೋಟದಂಚಿನ ಸಿಲ್ವರ್ ಮರವೊಂದು ತಂತಿಯ ಮೇಲೆ ಉರುಳಿ ಕಂಬವನ್ನೇ ಬಾಗಿಸಿತ್ತು. ಲೈನ್‌ಮನ್‌ಗಳು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಸುರಿಯುವ ಮಳೆಯಲ್ಲೇ ಅದನ್ನು ಕೊಯ್ದು ತೆಗೆದರು. ಅವರಿಗೆ ನಾನು ಋಣಿ.

ದೇಶದ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ರಾಜ್ಯದಲ್ಲಿ ಶರಾವತಿಯ ನೀರಿದೆ, ಕೈಗಾದ ಅಣುಸ್ಥಾವರವಿದೆ, ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆದರೆ ಎಷ್ಟೇ ಉತ್ಪಾದಿಸಿದರೂ ಅದು ನಮಗೆ ತಲುಪಬೇಕಾದದ್ದು ಕಾಡು ತೋಟಗಳ ನಡುವೆ ಹಾದುಬರುವ ಬರಿತಂತಿಯಲ್ಲಿ. ಇಂಥ ಕಡೆಗಾದರೂ ಹೊದಿಕೆಯಿರುವ ಕೇಬಲ್ ಹಾಕಲೇಬೇಕು.

ನಮ್ಮ ತಲಕಾವೇರಿಯಲ್ಲಿ ಹುಟ್ಟುವ ಹೊಳೆ 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕಳುಹಿಸಿತ್ತೆಂಬುದು ಮೇಣದಬತ್ತಿಯ ಮುಂದೆ ಕುಳಿತಾಗ ಪದೇ ಪದೇ ನೆನಪಾಗುತ್ತಿತ್ತು.