ಕ್ರೂಸ್ ಬಂದರಿನಲ್ಲಿ ಸಿಗುವ ಎಂಟು ಗಂಟೆ: ಸುತ್ತಾಟಕ್ಕೆ, ಫೋಟೊಗೆ

ಮಾಂಟೆನೆಗ್ರೊದ ಕೋಟರ್ ಕೊಲ್ಲಿಯೊಳಗೆ ನಮ್ಮ ಹಡಗು ಹೊಕ್ಕಾಗ ಬೆಳಿಗ್ಗೆ ಆರೂವರೆ. ಎರಡೂ ಕಡೆ ಕಡಿದಾದ ಬೆಟ್ಟ, ನಡುವೆ ಅಲುಗಾಡದ ನೀರು. ಪೆರಾಸ್ಟ್ ಅನ್ನುವ ಊರಿನ ಎದುರಿಗೆ ನೀರಿನ ಮಧ್ಯೆ ಎರಡು ಪುಟ್ಟ ದ್ವೀಪಗಳಿವೆ. ಒಂದರ ಮೇಲೆ ನೀಲಿ ಗುಮ್ಮಟದ ಚರ್ಚ್. ಆ ಫೋಟೊಗಾಗಿಯೇ ಅಲಾರಂ ಇಟ್ಟು ಎದ್ದಿದ್ದೆ. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಬರೀ ಬಿಳಿ! ರಾತ್ರಿಯಿಡೀ ಏಸಿ ಕ್ಯಾಬಿನ್ನಿನಲ್ಲಿ ತಣ್ಣಗಾಗಿದ್ದ ಲೆನ್ಸ್‌ಗೆ ಹೊರಗಿನ ತೇವದ ಗಾಳಿ ತಾಗಿ ಆವಿ ಕಟ್ಟಿತ್ತು. ಅಂಗಿಯ ತುದಿಯಲ್ಲಿ ಒರೆಸಿದೆ. ಮತ್ತೆ ಕಟ್ಟಿತು. ಮತ್ತೆ ಒರೆಸಿದೆ. ಅಷ್ಟರಲ್ಲಿ ದ್ವೀಪ ಹಿಂದಕ್ಕೆ ಸರಿದು ಹೋಗಿತ್ತು. ಪಕ್ಕದಲ್ಲಿ ನಿಂತಿದ್ದ ಅಮ್ಮ ಸ್ವೆಟರ್ ಜೇಬಿನಿಂದ ಫೋನ್ ತೆಗೆದು ಸುಮ್ನೆ ಒಂದು ಕ್ಲಿಕ್ ಮಾಡಿದ್ದರು. ಅವರ ಫೋನು ಜೇಬಿನಲ್ಲಿ ಬೆಚ್ಚಗಿತ್ತು, ಅದಕ್ಕೆ ಆವಿ ಕಟ್ಟಲಿಲ್ಲ. ನಮ್ಮ ಮನೆಯಲ್ಲಿ ಇವತ್ತು ಆ ಚರ್ಚಿನ ಫೋಟೊ ಅಂತ ಇರುವುದು ಅದೊಂದೇ.

ಆದ್ದರಿಂದ ಮೊದಲು ಇದನ್ನೇ ಹೇಳುತ್ತೇನೆ. ಹಡಗು ಬಂದರಿಗೆ ಸೇರುವ ಒಂದು ಗಂಟೆ ಮೊದಲೇ ಕ್ಯಾಮೆರಾವನ್ನು ಬ್ಯಾಗಿನ ಸಮೇತ ಬಾಲ್ಕನಿಯಲ್ಲೋ ಡೆಕ್ಕಿನಲ್ಲೋ ಇಡಿ. ಬ್ಯಾಗಿನ ಜಿಪ್ ತೆರೆಯಬೇಡಿ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಅದು ಹೊರಗಿನ ಬಿಸಿಗೆ ಹೊಂದಿಕೊಳ್ಳುತ್ತದೆ. ಒಂದು ಪ್ಲಾಸ್ಟಿಕ್ ಜಿಪ್ ಕವರಿನಲ್ಲಿ ಹಾಕಿಟ್ಟರೆ ಇನ್ನೂ ಒಳ್ಳೆಯದು. ಆವಿ ಆ ಕವರಿನ ಮೇಲೆ ಕಟ್ಟುತ್ತದೆ, ಲೆನ್ಸ್ ಮೇಲಲ್ಲ.

ನಾವು ಹೋದದ್ದು 7 ರಾತ್ರಿಯ ಮೆಡಿಟರೇನಿಯನ್ ಪ್ರವಾಸ. ರೋಮ್ ಹತ್ತಿರದ ಚಿವಿಟವೆಕ್ಕಿಯಾದಲ್ಲಿ ಹತ್ತಿ, ನೇಪಲ್ಸ್, ಗ್ರೀಸ್‌ನ ಸ್ಯಾಂಟೊರಿನಿ ದ್ವೀಪ, ಕೋಟರ್ ನೋಡಿ, ಕೊನೆಗೆ ಇಟಲಿಯದೇ ರವೆನ್ನಾದಲ್ಲಿ ಇಳಿದೆವು. ಹೊರಡುವ ಮುಂಚೆ ನನ್ನ ಹತ್ತಿರ ದೊಡ್ಡ ಪಟ್ಟಿಯೇ ಇತ್ತು. ವಾಪಸ್ ಬಂದ ಮೇಲೆ ಗೊತ್ತಾದದ್ದು, ಒಂದು ಬಂದರಿಗೆ ಒಂದೇ ಜಾಗ ಸಾಕು. ಹಡಗು ಎಂಟು ಗಂಟೆ ನಿಲ್ಲುತ್ತದೆ ಅಂದರೆ ನಿಮ್ಮ ಕೈಗೆ ಸಿಗುವುದು ಸುಮಾರು ಐದೂವರೆ ಗಂಟೆ. ಇಳಿಯುವುದಕ್ಕೆ ಮುಕ್ಕಾಲು ಗಂಟೆ ಹೋಗುತ್ತದೆ. ಸಾಮಾನ್ಯವಾಗಿ ಹಡಗು ಬಿಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು, ಕೆಲವು ಕಡೆ ಒಂದು ಗಂಟೆ ಮೊದಲು. ಅದಕ್ಕೂ ಮುಂಚೆ ನಾವು ಒಂದು ಗಂಟೆ ಬಿಡುವು ಇಟ್ಟುಕೊಳ್ಳಬೇಕು ಅಲ್ವಾ?

ಬಂದರಿನ ಹೆಸರನ್ನೂ ಸರಿಯಾಗಿ ನೋಡಿ. ಟಿಕೆಟ್‌ನಲ್ಲಿ "ರೋಮ್" ಅಂತ ಇದ್ದರೂ ಹಡಗು ನಿಲ್ಲುವುದು ಚಿವಿಟವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್‌ಗೆ 70-80 ಕಿ.ಮೀ., ರೈಲಿನಲ್ಲಿ ಸುಮಾರು ಒಂದು ಗಂಟೆ. "ಫ್ಲಾರೆನ್ಸ್" ಅಂದರೆ ಲಿವೊರ್ನೊ. "ವೆನಿಸ್" ಅಂದರೆ ಇನ್ನೂ ಹುಷಾರಾಗಿರಬೇಕು. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ವೆನಿಸ್ ನಗರದ ಮುಂದಿನ ಜೂಡೆಕ್ಕಾ ಕಾಲುವೆಗೆ ಬರುವಂತಿಲ್ಲ. ಹಾಗಾಗಿ ಎಷ್ಟೋ ಹಡಗುಗಳು ರವೆನ್ನಾ ಅಥವಾ ಟ್ರಿಯೆಸ್ಟೆಯಲ್ಲಿ ನಿಲ್ಲುತ್ತವೆ. ರವೆನ್ನಾದಿಂದ ವೆನಿಸ್‌ಗೆ ರಸ್ತೆಯಲ್ಲಿ ಎರಡು ಗಂಟೆಗೂ ಜಾಸ್ತಿ ಬೇಕು. ಆ ದಿನವೇ ವಿಮಾನ ಹಿಡಿಯುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ವೀಸಾ ಬೇಕಾದವರಿಗೆ ಇನ್ನೊಂದು ಮಾತು: ಮಾಂಟೆನೆಗ್ರೊ ಷೆಂಗೆನ್ ದೇಶವಲ್ಲ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿಲ್ಲ. ಅಲ್ಲಿಗೆ ಹೋಗಿ ಮತ್ತೆ ಇಟಲಿಗೆ ಬರುವ ಮಾರ್ಗವಾದರೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶವಿರುವ ಷೆಂಗೆನ್ ವೀಸಾ ಕೇಳಿ.

ಇನ್ನು ಗಡಿಯಾರದ ವಿಷಯ. ಹಡಗಿಗೆ ಅದರದೇ ಸಮಯ ಇರುತ್ತದೆ. ಗ್ರೀಸ್ ಇಟಲಿಗಿಂತ ಒಂದು ಗಂಟೆ ಮುಂದೆ. ಸ್ಯಾಂಟೊರಿನಿಯಲ್ಲಿ ನಮ್ಮ ಹಡಗು ಇಟಲಿಯ ಸಮಯವನ್ನೇ ಇಟ್ಟುಕೊಂಡಿತ್ತು. ನನ್ನ ಫೋನು ಮಾತ್ರ ದಡದ ಸಿಗ್ನಲ್ ಸಿಕ್ಕ ಕೂಡಲೇ ಗ್ರೀಸ್ ಸಮಯಕ್ಕೆ ಬದಲಾಯಿತು. ನಾನು ಗಮನಿಸಲಿಲ್ಲ. ಲೇಟಾಯಿತು ಅಂತ ಗಾಬರಿಯಾಗಿ, ಊಟವನ್ನೂ ಅರ್ಧಕ್ಕೇ ಬಿಟ್ಟು, ಅಮ್ಮನನ್ನು ಅವಸರ ಮಾಡಿಸಿ ಕೆಳಗೆ ಕರೆದುಕೊಂಡು ಬಂದೆ. ಬಂದು ನೋಡಿದರೆ ಇನ್ನೂ ಒಂದು ಗಂಟೆ ಉಳಿದಿತ್ತು. ನಮಗೆ ಹೋದದ್ದು ಒಂದು ಗಂಟೆ ಮಾತ್ರ. ಇದೇ ತಿರುಗುಮುರುಗಾಗಿದ್ದರೆ ಹಡಗೇ ಹೋಗುತ್ತಿತ್ತು. ಸಾದಾ ಕೈಗಡಿಯಾರ ಒಂದನ್ನು ಹಡಗಿನ ಸಮಯಕ್ಕೆ ಇಟ್ಟು ಕಟ್ಟಿಕೊಳ್ಳಿ, ಅದನ್ನು ಮುಟ್ಟಬೇಡಿ. ಹಡಗಿನಿಂದ ಇಳಿಯುವಾಗ ಬಾಗಿಲ ಬಳಿ ವಾಪಸ್ ಬರಬೇಕಾದ ಸಮಯ ಬರೆದ ಬೋರ್ಡ್ ಇರುತ್ತದೆ. ದಿನದ ಮೊದಲ ಫೋಟೊ ಅದರದೇ ಆಗಿರಲಿ. ಆಮೇಲೆ ಫೋಟೊಗಳನ್ನು ವಿಂಗಡಿಸುವಾಗ ಯಾವ ಬಂದರು ಎಲ್ಲಿಂದ ಶುರು ಅಂತ ಅದರಿಂದಲೇ ಗೊತ್ತಾಗುತ್ತದೆ.

ಹಡಗಿನವರೇ ಮಾಡಿಸುವ ಟೂರ್‌ನಲ್ಲಿ ಹೋದರೆ, ಬಸ್ಸು ತಡವಾದರೂ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ತಪ್ಪಿಸಿಕೊಂಡರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು. ನನ್ನ ಲೆಕ್ಕ ಇಷ್ಟೇ: ಜಾಗ ಬಂದರಿನಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ ಸ್ವಂತ, ಒಂದು ಗಂಟೆಗಿಂತ ದೂರ ಇದ್ದರೆ ಹಡಗಿನ ಟೂರ್. ದುಡ್ಡು ಜಾಸ್ತಿ ಆಗುತ್ತದೆ, ನಿಜ. ವಯಸ್ಸಾದವರು ಜೊತೆಗಿದ್ದರೆ ಆ ನೆಮ್ಮದಿಗೆ ಅಷ್ಟು ಕೊಡಬಹುದು. ಹಡಗಿನಲ್ಲಿ ಪ್ರತಿದಿನ ಕೊಡುವ ಕಾರ್ಯಕ್ರಮದ ಹಾಳೆಯಲ್ಲಿ ಆ ಬಂದರಿನಲ್ಲಿ ಹಡಗಿನವರ ಪರವಾಗಿ ಇರುವ ಏಜೆಂಟ್‌ನ ಫೋನ್ ನಂಬರ್ ಇರುತ್ತದೆ. ಅದರದೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಪಾಸ್‌ಪೋರ್ಟಿನ ನಕಲು, ಹಡಗಿನ ಕಾರ್ಡ್, ಫೋಟೊ ಇರುವ ಗುರುತಿನ ಚೀಟಿ ಜೇಬಿನಲ್ಲಿರಲಿ.

ನೇಪಲ್ಸ್‌ನಲ್ಲಿ ನಾವು ಆರಿಸಿಕೊಂಡದ್ದು ಪೊಂಪೆಯಿ ಒಂದೇ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಬೂದಿಯಡಿ ಹೂತುಹೋದ ಊರು ಅದು. ನೇಪಲ್ಸ್‌ನ ಗರಿಬಾಲ್ಡಿ ನಿಲ್ದಾಣದಿಂದ ಸರ್ಕಮ್‌ವೆಸೂವಿಯಾನಾ ರೈಲಿನಲ್ಲಿ ಸುಮಾರು 40 ನಿಮಿಷ. ಇಳಿಯಬೇಕಾದ ನಿಲ್ದಾಣದ ಹೆಸರನ್ನು ಪೂರ್ತಿ ಓದಿ: "ಪೊಂಪೆಯಿ ಸ್ಕಾವಿ – ವಿಲ್ಲಾ ದೆಯ್ ಮಿಸ್ತೆರಿ". ಇನ್ನೊಂದು ರೈಲು ಮಾರ್ಗದಲ್ಲಿ ಬರೀ ಪೊಂಪೆಯಿ ಅಂತ ಬೇರೆ ನಿಲ್ದಾಣವಿದೆ, ಅಲ್ಲಿಂದ ಜಾಸ್ತಿ ನಡೆಯಬೇಕು. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರನ್ನು ಮಾತ್ರ ಒಳಗೆ ಬಿಡುತ್ತಾರೆ, ಟಿಕೆಟ್ ಮೇಲೆ ನಿಮ್ಮ ಹೆಸರಿರುತ್ತದೆ. ಮೊದಲೇ ಬುಕ್ ಮಾಡಿ, ಗುರುತಿನ ಚೀಟಿ ಮರೆಯಬೇಡಿ. ಒಳಗೆ ನೆರಳು ತುಂಬಾ ಕಡಿಮೆ. ಟೋಪಿ ಬೇಕೇ ಬೇಕು. ಕುಡಿಯುವ ನೀರಿನ ನಲ್ಲಿಗಳಿವೆ, ಖಾಲಿ ಬಾಟಲಿ ಒಯ್ದರೆ ಸಾಕು.

ನಡು ಮಧ್ಯಾಹ್ನದ ಬಿಸಿಲಿನಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಬಂದರಿನಲ್ಲಿ ನಮಗೆ ಸಿಗುವುದು ಅದೇ ಬಿಸಿಲು. ಹಾಗಾಗಿ ಆ ಬೆಳಕಿಗೆ ಒಗ್ಗುವ ಚಿತ್ರ ಯಾವುದು ಅಂತ ಹುಡುಕಬೇಕು. ಪೊಂಪೆಯಿಯ ದೊಡ್ಡ ಚೌಕ, ಅಂದರೆ ಫೋರಂ, ಉತ್ತರ ದಕ್ಷಿಣವಾಗಿ ಉದ್ದಕ್ಕಿದೆ. ದಕ್ಷಿಣದ ತುದಿಯಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಮುರಿದ ಕಂಬಗಳು, ಅವುಗಳ ಹಿಂದೆ ವೆಸೂವಿಯಸ್. ಮಧ್ಯಾಹ್ನದ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ. ಬೆಟ್ಟಕ್ಕೂ ಕಂಬಗಳಿಗೂ ಒಂದೇ ಸಮ ಬೆಳಕು. ಉಳಿದ ಹೊತ್ತು ನಾನು ದೊಡ್ಡ ನೋಟಗಳನ್ನು ಬಿಟ್ಟು ಸಣ್ಣದನ್ನು ನೋಡಿದೆ. ಅಲ್ಲಿನ ರಸ್ತೆಗಳಲ್ಲಿ ದಾಟಲು ಇಟ್ಟ ಎತ್ತರದ ಕಲ್ಲುಗಳಿವೆ. ಅವುಗಳ ನಡುವೆ ಗಾಡಿ ಚಕ್ರಗಳು ತೇದು ತೇದು ಕೊರೆದ ಗಾಡಿಜಾಡು. ಅಮ್ಮ ಬಗ್ಗಿ ಆ ಜಾಡಿನೊಳಗೆ ಅಂಗೈ ಇಟ್ಟರು. ಬೆರಳು ಪೂರ್ತಿ ಒಳಗೆ ಹೋಯಿತು. "ಎಷ್ಟು ಗಾಡಿ ಓಡಿರಬೇಕು ನೋಡು," ಅಂದರು. ಆ ಕೈಯನ್ನಷ್ಟೇ ತೆಗೆದೆ. ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ಫೋಟೊ ಅದು.

ಸ್ಯಾಂಟೊರಿನಿಯಲ್ಲಿ ಹಡಗುಕಟ್ಟೆಗೆ ದೊಡ್ಡ ಹಡಗು ತಾಗುವುದಿಲ್ಲ. ನೀರಿನ ಮಧ್ಯೆಯೇ ನಿಲ್ಲುತ್ತದೆ, ಟೆಂಡರ್ ಅನ್ನುವ ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಟೂರ್ ತೆಗೆದುಕೊಂಡವರು ಮೊದಲು, ಉಳಿದವರಿಗೆ ನಂಬರ್ ಚೀಟಿ. ದೋಣಿ ಹತ್ತುವಾಗ ಕ್ಯಾಮೆರಾ ಕೊರಳಲ್ಲಿ ತೂಗಾಡುವುದು ಬೇಡ, ಬ್ಯಾಗಿನೊಳಗಿರಲಿ. ಎರಡೂ ಕೈ ಖಾಲಿ ಇರಬೇಕು. ಹಡಗಿನ ಸಿಬ್ಬಂದಿ ನಿಮ್ಮ ಮುಂಗೈಯನ್ನು ಗಟ್ಟಿಯಾಗಿ ಹಿಡಿಯುತ್ತಾರೆ, ನೀವೂ ಅವರ ಮುಂಗೈ ಹಿಡಿಯಿರಿ. ದೋಣಿ ಅಲೆಗೆ ಮೇಲೆದ್ದು ಬಂದಾಗ ಅವರು ಹೇಳುತ್ತಾರೆ, ಆಗ ಹೆಜ್ಜೆ ಇಡಿ. ಅಮ್ಮನಿಗೆ ಮಂಡಿ ನೋವು. ಆದರೂ ಹೀಗೆ ಕಷ್ಟವಿಲ್ಲದೆ ಇಳಿದರು.

ದಡದಿಂದ ಮೇಲಿನ ಫಿರಾ ಊರಿಗೆ ಮೂರು ದಾರಿ: ಕೇಬಲ್ ಕಾರ್, 580ಕ್ಕೂ ಜಾಸ್ತಿ ಮೆಟ್ಟಿಲು, ಇಲ್ಲವೇ ಕತ್ತೆ ಸವಾರಿ. ಕತ್ತೆ ಬೇಡ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಬಿಸಿಲಿನಲ್ಲಿ ದಿನವಿಡೀ ಅದೇ ಮೆಟ್ಟಿಲು ಹತ್ತಿ ಇಳಿಯುವ ಪ್ರಾಣಿಗಳು ಅವು. ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ನಡೆದು ಹೋಗುವವರೂ ಅದೇ ಮೆಟ್ಟಿಲಲ್ಲಿ ಹೋಗಬೇಕು, ಲದ್ದಿ ಬಿದ್ದು ಜಾರುತ್ತದೆ. ಕೇಬಲ್ ಕಾರ್ ಮೂರೇ ನಿಮಿಷ. ಆದರೆ ಮಧ್ಯಾಹ್ನದ ನಂತರ ಇಳಿಯುವ ಸಾಲು ತುಂಬಾ ಉದ್ದ ಬೆಳೆಯುತ್ತದೆ. ಕೊನೆಯ ದೋಣಿಯ ಸಮಯದಿಂದ ಕನಿಷ್ಠ ಎರಡು ಗಂಟೆ ಹಿಂದಕ್ಕೆ ಲೆಕ್ಕ ಹಾಕಿ ಸಾಲಿಗೆ ಬಂದು ನಿಲ್ಲಿ.

ಒಂದು ವಿಷಯ ನನಗೆ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು. ಫಿರಾದ ಬಿಳಿ ಮನೆಗಳಿರುವ ಬಂಡೆ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಹಡಗಿನಿಂದ ನೋಡಿದಾಗ ಸೂರ್ಯ ಆ ಬಂಡೆಯ ಹಿಂದಿರುತ್ತಾನೆ, ಎಲ್ಲವೂ ಮಬ್ಬು. ನಾನು ಬೆಳಿಗ್ಗೆ ನೂರಾರು ಫೋಟೊ ತೆಗೆದೆ, ಒಂದೂ ಉಳಿಸಿಕೊಳ್ಳುವಂತಿರಲಿಲ್ಲ. ಸಂಜೆ ಹಡಗು ಹೊರಟಾಗ ಅದೇ ಬಂಡೆಯ ಮೇಲೆ ನೇರ ಬೆಳಕು ಬಿತ್ತು. ಕೆಂಪು, ಕಪ್ಪು, ಬೂದು ಪದರಗಳು ಒಂದೊಂದೂ ಬೇರೆಯಾಗಿ ಕಂಡವು, ತುದಿಯಲ್ಲಿ ಮನೆಗಳು ಉಪ್ಪು ಚೆಲ್ಲಿದ ಹಾಗೆ. ಹಡಗು ಹೊರಡುವ ಹೊತ್ತಿಗೆ ಹೆಚ್ಚಿನವರು ಊಟದ ಹಾಲ್‌ಗೆ ಹೋಗಿಬಿಡುತ್ತಾರೆ. ದಯವಿಟ್ಟು ಊಟ ಅರ್ಧ ಗಂಟೆ ಮುಂದೆ ಹಾಕಿ ಡೆಕ್ ಮೇಲಿರಿ.

ಕೋಟರ್‌ನಲ್ಲಿ ಮಾತ್ರ ಬೆಳಿಗ್ಗೆಯೇ ಒಳ್ಳೆಯದು. ಹಳೇ ಊರು ಬೆಟ್ಟದ ಬುಡದಲ್ಲಿದೆ, ಬೆಟ್ಟ ಪೂರ್ವಕ್ಕೆ. ಬೆಳಿಗ್ಗೆ ಕೋಟೆಯ ಗೋಡೆ ಹತ್ತುವ ದಾರಿ ನೆರಳಿನಲ್ಲಿರುತ್ತದೆ. ಸುಮಾರು 1,350 ಮೆಟ್ಟಿಲು. ಅಮ್ಮ ಕೆಳಗೆ ಚೌಕದಲ್ಲಿ ಕೂತರು, ನಾನು ಅರ್ಧ ದಾರಿಯ ಚರ್ಚಿನವರೆಗೆ ಮಾತ್ರ ಹತ್ತಿದೆ. ಊರಿನ ಕೆಂಪು ಹೆಂಚು, ಕೊಲ್ಲಿ, ಪಕ್ಕದಲ್ಲಿ ನಮ್ಮ ಹಡಗು, ಮೂರೂ ಅಲ್ಲಿಂದಲೇ ಒಂದೇ ಚಿತ್ರದಲ್ಲಿ ಸಿಗುತ್ತವೆ. ಅದಕ್ಕಾಗಿ ತುದಿಯವರೆಗೆ ಏದುಸಿರು ಬಿಡಬೇಕಾಗಿಲ್ಲ.

ಹಡಗಿನ ಮೇಲಿಂದ ಫೋಟೊ ತೆಗೆಯುವಾಗ ಕೈಯನ್ನು ಕಂಬಿಯ ಮೇಲೆ ಊರಬೇಡಿ. ಎಂಜಿನ್ನಿನ ನಡುಕ ಕಂಬಿಯಲ್ಲಿ ಬರುತ್ತದೆ, ಕೈಯಿಂದ ಕ್ಯಾಮೆರಾಗೂ ಬರುತ್ತದೆ. ಮೊಣಕೈಯನ್ನು ಮೈಗೆ ಒತ್ತಿ ಹಿಡಿಯಿರಿ. ಶಟರ್ ಸ್ಪೀಡ್ 1/500 ಸೆಕೆಂಡ್‌ಗಿಂತ ನಿಧಾನ ಬೇಡ. ಟ್ರೈಪಾಡ್ ನಾನು ಹೊತ್ತುಕೊಂಡು ಹೋದದ್ದೇ ದಂಡ. ನೀರಿನ ಹೊಳಪು ತಗ್ಗಿಸಲು ಪೋಲರೈಸರ್ ಫಿಲ್ಟರ್ ಒಳ್ಳೆಯದು, ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಪನೋರಮಾ ತೆಗೆಯುವಾಗ ಮಾತ್ರ ಬಿಚ್ಚಿಡಿ, ಇಲ್ಲದಿದ್ದರೆ ಆಕಾಶ ಒಂದು ಕಡೆ ಗಾಢ, ಇನ್ನೊಂದು ಕಡೆ ಪೇಲವ ಬರುತ್ತದೆ. ಉಪ್ಪಿನ ಗಾಳಿಗೆ ಲೆನ್ಸ್ ಅಂಟಂಟಾಗುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳಬಹುದು, ಸ್ವಲ್ಪ ಒದ್ದೆ ಮಾಡಿದ ಮೆತ್ತನೆ ಬಟ್ಟೆ ಬಳಸಿ.

ಸಮುದ್ರದ ಮಧ್ಯೆ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಹಡಗಿನ ಮೊಬೈಲ್ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಬಿಲ್ ವಿಪರೀತ ಬರುತ್ತದೆ. ಫೋಟೊಗಳನ್ನು ಹಡಗಿನ ಇಂಟರ್ನೆಟ್‌ನಲ್ಲಿ ಏರಿಸುತ್ತಾ ಕೂರುವುದೂ ಆಗದ ಮಾತು. ನಾನು ದಿನಾ ರಾತ್ರಿ ಎಲ್ಲವನ್ನೂ ಒಂದು ಸಣ್ಣ ಹಾರ್ಡ್ ಡಿಸ್ಕ್‌ಗೆ ನಕಲು ಮಾಡುತ್ತಿದ್ದೆ, ಕಾರ್ಡನ್ನು ಅಳಿಸುತ್ತಿರಲಿಲ್ಲ. ಡ್ರೋನ್ ಮನೆಯಲ್ಲೇ ಇರಲಿ, ಹೆಚ್ಚಿನ ಹಡಗುಗಳು ಬಿಡುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನೂ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ಕೊನೆಯ ರಾತ್ರಿ ದೊಡ್ಡ ಸೂಟ್‌ಕೇಸ್‌ಗಳನ್ನು ಕ್ಯಾಬಿನ್ನಿನ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಅವು ಮತ್ತೆ ಕೈಗೆ ಸಿಗುವುದು ಬೆಳಿಗ್ಗೆ ದಡದಲ್ಲಿ. ಹೊರಗಿಡುವ ಮುಂಚೆ ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್, ಚಾರ್ಜರ್, ಔಷಧಿ, ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆ, ಇಷ್ಟನ್ನು ಕೈಚೀಲಕ್ಕೆ ಹಾಕಿಕೊಳ್ಳಿ. ಹಾರ್ಡ್ ಡಿಸ್ಕ್ ಒಬ್ಬರ ಚೀಲದಲ್ಲಿರಲಿ, ಕಾರ್ಡುಗಳು ಇನ್ನೊಬ್ಬರ ಚೀಲದಲ್ಲಿ. ನಮ್ಮ ಕಾರ್ಡುಗಳು ಅಮ್ಮನ ಕನ್ನಡಕದ ಡಬ್ಬಿಯಲ್ಲಿ ಮನೆ ಸೇರಿದವು.