ಟರ್ಬಿನಾಫಿನ್ ಸಾಲಿನಲ್ಲಿ ಬೆಳೆದ ಬೂಷ್ಟು

ಕಕ್ಕಡದ ಮಳೆಯಲ್ಲಿ ಕೊಡಗಿನ ಲ್ಯಾಬುಗಳಿಗೆ ಹುಳುಕಡ್ಡಿ ಹೊಸತಲ್ಲ. ಒಗೆದ ಬಟ್ಟೆ ಒಣಗೋದೇ ಇಲ್ಲ, ಗಮ್‌ಬೂಟಿನೊಳಗೂ ಪ್ಲಾಸ್ಟಿಕ್ ಕೋಟಿನೊಳಗೂ ಬೆವರು. ಆದರೆ ಸಿದ್ದಾಪುರ ಕಡೆಯ ತೋಟದಲ್ಲಿ ಲೆಕ್ಕ ಬರೆಯುವ ಆ ರೈಟರ್ ತಿಂಗಳುಗಟ್ಟಲೆ ಫಂಗಸ್ ಕೊಲ್ಲುವ ಟರ್ಬಿನಾಫಿನ್ ಮಾತ್ರೆ ನುಂಗಿದ್ದರೂ ಸೊಂಟದ ಉಂಗುರ ದೊಡ್ಡದಾಗುತ್ತಲೇ ಇತ್ತು. ಹೆಂಡತಿ, ಮಗಳಿಗೂ ಹತ್ತಿತ್ತು. ಯಾವ ಔಷಧಿಗೆ ಬಗ್ಗುತ್ತೆ ನೋಡಿ ಎಂದು ಚರ್ಮದ ಡಾಕ್ಟರ್ ಬರೆದು ಕಳಿಸಿದ್ದರು.

"ಏನು ಹಚ್ತಿದ್ರಿ ಅಣ್ಣಾ?" ಅಂದೆ. ಜೇಬಿನಿಂದ ಹಿಂಡಿ ಸುರುಟಿದ ಟ್ಯೂಬ್ ತೆಗೆದರು. ಅದರಲ್ಲಿ ಕ್ಲೊಬೆಟಸಾಲ್ ಇತ್ತು, ಜೋರು ಸ್ಟೀರಾಯ್ಡ್. ತುರಿಕೆ ಬೇಗ ನಿಲ್ಲುತ್ತೆ, ಫಂಗಸ್ ಹಬ್ಬುತ್ತಾ ಹೋಗುತ್ತೆ. ಚೀಟಿ ಕೇಳದೆ ಇದನ್ನು ಮಾರೋರ ಮೇಲೆ ನನಗೆ ಸಿಟ್ಟಿದೆ. ಇರಲಿ.

ಉಂಗುರದ ಅಂಚಿನಿಂದ ಹೊಟ್ಟು ಕೆರೆದೆ. ಫಂಗಸ್ ಚುರುಕಾಗಿರೋದು ಅಲ್ಲೇ, ನಡುವೆ ಅಲ್ಲ. ಫಂಗಸ್ ಬೆಳೆಸೋ ಅಗಾರ್ ಜೆಲ್ಲಿಯ ಮೇಲೆ ಬಿಳಿ ಪುಡಿಯಂಥ ಬೆಳೆ ಬರೋ ತನಕ ಕಾದು, ಬೀಜಕಣಗಳನ್ನು ತೊಳೆದು ಎಣಿಸಿದೆ. ಮಿಲಿಲೀಟರಿಗೆ 1,000ದಿಂದ 3,000 ಇರಬೇಕು. ಜಾಸ್ತಿಯಾದರೆ ಒಳ್ಳೆ ಔಷಧಿಯೂ ಸೋತಂತೆ ಕಾಣುತ್ತೆ. 96 ವೆಲ್‌ಗಳ, ಅಂದರೆ ಪುಟ್ಟ ಗುಳಿಗಳ, ಪ್ಲೇಟು ಪುಟ್ಟ ಪಡ್ಡಿನ ಕಾವಲಿಯ ಹಾಗಿರುತ್ತೆ. ಸಾಲಿನಲ್ಲಿ ಒಂದೊಂದು ವೆಲ್ ದಾಟಿದಂತೆ ಔಷಧಿ ಅರ್ಧ ಅರ್ಧ ಕಡಿಮೆ. ಅವಕ್ಕೆ ಬೀಜಕಣ ಹಾಕಿ 35 ಡಿಗ್ರಿಯಲ್ಲಿ 4 ದಿನ ಇಡಬೇಕು. ಕರೆಂಟು ಹೋದಾಗಲೆಲ್ಲ ಇನ್‌ಕ್ಯುಬೇಟರ್ ಜನರೇಟರಿನಲ್ಲಿ ಓಡ್ತಿದೆಯಾ ಅಂತ ಎದ್ದು ನೋಡೋದೇ ಆಯಿತು.

ಪ್ಲೇಟ್ ಹೊರಗೆ ತೆಗೆದೆ. ಇನ್ನೊಂದು ಫಂಗಸ್ ಔಷಧಿ ಇಟ್ರಾಕೊನಜೋಲ್ ಸಾಲಿನ ಬಹುಪಾಲು ತಿಳಿನೀರು, ಬೆಳೆಯೇ ಇಲ್ಲ. ಟರ್ಬಿನಾಫಿನ್ ಸಾಲಿನಲ್ಲಿ ಮಿಲಿಲೀಟರಿಗೆ 8 ಮೈಕ್ರೋಗ್ರಾಂ ಇದ್ದ ವೆಲ್‌ನಲ್ಲೂ ತಳದಲ್ಲಿ ಹತ್ತಿಯಂತೆ ಬೂಷ್ಟು. ಬಗ್ಗುವ ಫಂಗಸ್ ಆಗಿದ್ದರೆ 0.1ಕ್ಕೂ ಕೆಳಗೇ ನಿಲ್ಲಬೇಕಿತ್ತು. ಔಷಧಿ ಹಿಡಿಯಬೇಕಾದ ಫಂಗಸ್ಸಿನ ಕಿಣ್ವವೇ ಬದಲಾದರೆ ಹೀಗಾಗುತ್ತೆ. 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಅಂತ ಹೆಸರಿಟ್ಟ ಫಂಗಸ್ ಪ್ರಭೇದದಲ್ಲಿ ಇದು ಜಾಸ್ತಿ. ಇದೂ ಅದೇನಾ? ಮೈಕ್ರೊಸ್ಕೋಪಿನಲ್ಲಿ ನೋಡಿ ಹೇಳೋಕಾಗಲ್ಲ, ಜೀನ್ ಪರೀಕ್ಷೆಯೇ ಬೇಕು.

"ರೆಸಿಸ್ಟೆಂಟ್ ಅಂತ ಬರೆದುಬಿಡಿ" ಅಂದರು ಡಾಕ್ಟರ್ ಫೋನಿನಲ್ಲಿ. ನಾವು ಅನುಸರಿಸೋದು ಸಿಎಲ್‌ಎಸ್‌ಐ ಪದ್ಧತಿ, ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ಹಾಕುವ ಅಮೆರಿಕದ ಸಂಸ್ಥೆಯದ್ದು. ಇಷ್ಟು ದಾಟಿದರೆ ರೆಸಿಸ್ಟೆಂಟ್ ಅನ್ನೋ ಗೆರೆಯನ್ನು ಅದು ಚರ್ಮದ ಫಂಗಸ್‌ಗಳಿಗೆ ಎಳೆದಿಲ್ಲ. ಅಂಕಿ ಮಾತ್ರ ಬರೆದೆ, ಅರ್ಥ ಬಾಯಲ್ಲಿ ಹೇಳಿದೆ. ಅವರು ಮಾತ್ರೆ ಇಟ್ರಾಕೊನಜೋಲ್‌ಗೆ ಬದಲಿಸಿದರು.

ರಿಪೋರ್ಟ್ ಒಯ್ಯಲು ಬಂದಾಗ ರೈಟರ್ ಕೇಳಿದರು: "ಹೊಸ ಮಾತ್ರೆನ ಗ್ಯಾಸ್ಟ್ರಿಕ್ ಮಾತ್ರೆ ಜೊತೆಗೇ ನುಂಗಬಹುದಲ್ವಾ ಮೇಡಂ?" ಹೊಟ್ಟೆಯ ಹುಳಿ ಕಡಿಮೆಯಾದರೆ ಆ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತೋದೇ ಇಲ್ಲ. ಅಲ್ಲೇ ನಿಲ್ಲಿಸಿ, ಮತ್ತೆ ಡಾಕ್ಟರಿಗೆ ಫೋನ್ ಹಚ್ಚಿದೆ.